ಕಟ್ಟಿದವನ ಹೆಸರು

ಅಲ್ಮಾ-ಅತಾ, ಮಾರ್ಚ್ 1957

ಕಾಮ್ರೇಡ್ ಸಂಪಾದಕರೇ,

ಕಳೆದ ಭಾನುವಾರ ನೀವು ರೇಡಿಯೋದಲ್ಲಿ "ಜನಪದ, ಕರ್ತೃ ಅಜ್ಞಾತ" ಎಂದು ಹೇಳಿ ನುಡಿಸಿದ ದೊಂಬ್ರ ತಂತಿವಾದ್ಯದ ಕೃತಿ ನನ್ನ ಅಣ್ಣ ಸಾದುವಕಾಸ್‌ನದು. 1937ರಲ್ಲಿ ಅವನನ್ನು ಹಿಡಿದೊಯ್ದಾಗ ನೀವು ರೇಡಿಯೋದವರು ಕೃತಿಯಿಂದ ಅವನ ಹೆಸರು ಅಳಿಸಿದಿರಿ. ಹೋದ ವರ್ಷ ಸರ್ಕಾರವೇ ಅವನು ನಿರಪರಾಧಿ ಎಂದು ಬರೆದುಕೊಟ್ಟಿದೆ.

ಫೋನಿನಲ್ಲಿ ನೀವು, "ರಾಗ ಉಳೀತಲ್ಲ ಅಜ್ಜಿ, ಹೆಸರು ಕಟ್ಕೊಂಡು ಏನ್ಮಾಡ್ತೀರಿ?" ಎಂದಿರಿ. ರಾಗ ಕಟ್ಟಿದವನ ಹೆಸರು ಹೇಳದೆ, ನಮ್ಮೂರಲ್ಲಿ ನುಡಿಸುತ್ತಿದ್ದ ನಿಮ್ಮ ತಾತ ದೊಂಬ್ರದ ತಂತಿ ಮುಟ್ಟುತ್ತಿರಲಿಲ್ಲ, ನಾನು ಕೇಳಿದವಳು.

ಅಣ್ಣ ಹಿಮ ತಿಂದ ಬೆರಳುಗಳೊಂದಿಗೆ ಕೈದಿಗಳ ಶಿಬಿರದಿಂದ ಮರಳಿದ್ದಾನೆ, ಇನ್ನು ನುಡಿಸಲಾರ. ಭಾನುವಾರ ಆ ಪ್ರಕಟಣೆ ಅವನ ಕಿವಿಗೆ ಬೀಳದಿರಲೆಂದು ನಾನು ಜೋರಾಗಿ ಕೆಮ್ಮಿದೆ. "ನನ್ನ ಹೆಸರು ಹೇಳಿದ್ರೇನೇ?" ಎಂದ. "ಹೇಳಿದ್ರು" ಎಂದೆ.

ಬರುವ ಭಾನುವಾರ ಮರುಪ್ರಸಾರವಿದೆ. ನನ್ನ ಮಾತನ್ನು ನಿಜ ಮಾಡಿ. ಎರಡನೆಯ ಸಲ ಕೆಮ್ಮಿದರೆ ಅವನು ನಂಬಲಾರ.

ಕುಲ್ಜಮಿಲಾ
ನಿವೃತ್ತ ಗ್ರಂಥಪಾಲಕಿ