ಅಕ್ಟೋಬರ್ ಮುಗಿಯುವವರೆಗೆ

ಆಗಸ್ಟ್ 20, 2008, ಬುಧವಾರ

ಮತ್ತೆ ಬಂದ್. ಇವತ್ತು ಬೇಡ, ಬೇಡ ಎಂದು ಸಿಂಗಾಪುರದ ಆಫೀಸಿಗೆ ಬರೆದು ಬರೆದು ಸಾಕಾಗಿತ್ತು. ಕೇಳಿದರೆ ತಾನೆ! ಬಾಸ್ ರಂಗನಾಥ್ ನಿನ್ನೆ ಬಂದಿಳಿದು ಏರ್‌ಪೋರ್ಟ್ ಪಕ್ಕದ ಹೋಟೆಲಿನಲ್ಲಿ ಕೈದಿ. ನ್ಯೂ ಟೌನಿನಿಂದ ನಾನು ಹೋಗಿದ್ದು ಹಾಲಿನ ವ್ಯಾನಿನಲ್ಲಿ. ಎಂಬಿಎ ಮಾಡಿದ್ದು ಸಾರ್ಥಕ.

ಇನ್ನೂ ಹಲ್ಲು ಮೂಡದ ಕಂಪನಿಗಳಿಗೆ ಮೊದಲ ದುಡ್ಡು ಹಾಕುವುದು ನಮ್ಮ ಫಂಡಿನ ಕೆಲಸ. ಹನೋಯಿಯಲ್ಲಿ ಹಾಕಿದ್ದಾರೆ, ಸಾವೊ ಪಾಲೊದಲ್ಲಿ ಹಾಕಿದ್ದಾರೆ. ಕೋಲ್ಕತ್ತಾದಲ್ಲಿ ಎರಡು ವರ್ಷದಿಂದ ಸೊನ್ನೆ. ಇಲ್ಲಿನ ಆಫೀಸೆಂದರೆ ನಾನೊಬ್ಬಳೇ — ಬೈಸಿಕೊಳ್ಳುವವಳೂ ನಾನೊಬ್ಬಳೇ.

ರಂಗನಾಥ್ ಜಾದವ್‌ಪುರಕ್ಕೆ ಬರುವಂತಿಲ್ಲ ಎಂದು ಗೊತ್ತಾದದ್ದೇ ಅಲ್ಲಿನ ಪಿಎಚ್‌ಡಿ ಹುಡುಗ ಮುರಾರಿ ತಾನೇ ಕಟ್ಟಿದ ತಂಪು ಪೆಟ್ಟಿಗೆಯನ್ನು ಸೈಕಲ್ ವ್ಯಾನಿಗೇರಿಸಿ ಊರಿಡೀ ತುಳಿದುಕೊಂಡು ಬಂದ! ಹೋಟೆಲಿನ ಲಾಬಿಯಲ್ಲೇ ಮುಚ್ಚಳ ತೆಗೆದ. ಒಳಗೆ ನಿನ್ನೆ ಬೆಳಗಿನ ಇಲಿಶ್ ಮೀನು. ಐಸ್ ಇಲ್ಲ, ಕರೆಂಟ್ ಇಲ್ಲ, ಗೋಡೆಯೊಳಗೆ ಅವನದೇ ಒಂದು ಉಪ್ಪಿನ ಮಿಶ್ರಣ ಅಷ್ಟೆ. ಮುಟ್ಟಿದರೆ ಕೈ ಕೊರೆಯುವಷ್ಟು ತಂಪು. ಮ್ಯಾನೇಜರ್ ಓಡಿ ಬಂದ. ಶುದ್ಧ ಸಸ್ಯಾಹಾರಿ ರಂಗನಾಥ್ ಮೂಗಿಗೆ ಕರ್ಚೀಫ್ ಹಿಡಿದೇ ಹೇಳಿದರು, “ಸೂಪರ್ ಕಣಮ್ಮ ಶೋಭನಾ. ಇದನ್ನ ಬಿಡಬಾರದು.”

ಹಾಲಿನ ವ್ಯಾನ್ ಸಿಗಲಿಲ್ಲ. ನಡೆದೇ ಬಂದೆ. ಬೇಸರವಾಗಲಿಲ್ಲ.

ಆಗಸ್ಟ್ 29, ಶುಕ್ರವಾರ

ಟರ್ಮ್ ಶೀಟ್ ಬಂತು. ಇಷ್ಟು ದುಡ್ಡು, ಇಷ್ಟು ಪಾಲು ಎಂಬ ಕರಾರಿನ ಕರಡು. ಜಾದವ್‌ಪುರಕ್ಕೆ ತೆಗೆದುಕೊಂಡು ಹೋದೆ. ಮುರಾರಿಯ ತಾಯಿ ಪ್ರಭಾವತಿಯಮ್ಮ ಉಡುಪಿ ಕಡೆಯವರು, ಮದುವೆ ಅಡುಗೆಯ ಕೇಟರಿಂಗ್. ಮಗನಿಗಾಗಿ ಹಿಂದಿನ ಗೋಡೌನ್ ಬಿಟ್ಟುಕೊಟ್ಟು ಕೊಪ್ಪರಿಗೆ ಹಂಡೆಗಳನ್ನೆಲ್ಲ ಹಜಾರಕ್ಕೆ ತಂದಿಟ್ಟುಕೊಂಡಿದ್ದಾರೆ. ಆದರೆ ಮೀನು ಹಾಕಿದ ಪೆಟ್ಟಿಗೆ ಮಾತ್ರ ಗೇಟಿನಾಚೆಯೇ ಇರಬೇಕು.

ಕಾಗದದಲ್ಲಿ ಒಂದು ಷರತ್ತು. ಅಕ್ಟೋಬರ್ ಮುಗಿಯುವವರೆಗೆ ಮುರಾರಿ ಬೇರೆ ಯಾರ ಹತ್ತಿರವೂ ಬಂಡವಾಳದ ಮಾತಾಡುವಂತಿಲ್ಲ. ಫಂಡ್ ಮಾತ್ರ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.

“ಇದೆಂತ ಅಕ್ಕ? ನಿಶ್ಚಿತಾರ್ಥ ಆದದ್ದು ನನಗೆ ಮಾತ್ರವಾ? ಅವರಿಗೆ ಇಲ್ವಾ?”

“ಎಲ್ಲ ಕಡೆ ಹೀಗೇ ಕಣೋ. ಬರೀ ಫಾರ್ಮಾಲಿಟಿ.”

ಸೈನ್ ಹಾಕಿದ. ಫಂಡಿನ ಪರವಾಗಿ ನಾನು ಹಾಕಿದೆ. ಪ್ರಭಾವತಿಯಮ್ಮ ಪಾಯಸ ಬಡಿಸಿದರು. “ಇವ ಇಷ್ಟು ಖುಷಿಯಾದದ್ದು ನಾನು ಕಾಣದೆ ಸುಮಾರು ವರ್ಷ ಆಯ್ತು ಮಾರಾಯ್ರೆ.”

ಸೆಪ್ಟೆಂಬರ್ 10

ಮುರಾರಿಯ ಫೋನ್. ಮಲ್ಪೆಯ ಮಾಧವ ಸುವರ್ಣ ಎಂಬವರು — ಮೀನು ರಫ್ತಿನವರು, ಸ್ವಂತ ದೋಣಿಗಳಿವೆ — ಸಿಯಾಲ್ದಾ ಮಾರ್ಕೆಟ್ಟಿನಲ್ಲಿ ಅವನ ಪೆಟ್ಟಿಗೆ ನೋಡಿ ಬಂಡವಾಳ ಹಾಕುತ್ತೇನೆ ಎಂದರಂತೆ. ಕೈಕಟ್ಟಿದೆ ಎಂದನಂತೆ ಇವನು. “ಸೈನ್ ಹಾಕಿದ್ದೇನಲ್ಲ ಅಕ್ಕ.”

ಜಾಣ ಎಂದು ಹೊಗಳಿದೆ. ರಂಗನಾಥ್‌ಗೂ ಬರೆದು ತಿಳಿಸಿದೆ.

ಸೆಪ್ಟೆಂಬರ್ 16, ಮಂಗಳವಾರ

ಅಮೆರಿಕದಲ್ಲಿ ದೊಡ್ಡ ಬ್ಯಾಂಕೇ ಮುಳುಗಿದೆ. ಟಿವಿಯಲ್ಲಿ ರಟ್ಟಿನ ಡಬ್ಬ ಹಿಡಿದು ಆಚೆ ಬರುತ್ತಿರುವ ಸೂಟುಗಳು. ರಂಗನಾಥ್‌ಗೆ ಫೋನ್ ಮಾಡಿದೆ. “ನಮ್ದೆಲ್ಲ ಸಣ್ಣ ಚೆಕ್ಕು. ನಮಗೇನಾಗತ್ತೆ? ನೀನು ಲಾಯರ್ ಕೇಳಿದ್ದು ಕೊಡ್ಸು.”

ಫಂಡಿನ ಲಾಯರ್ ಕೇಳಿದ್ದೇನು? ವರ್ಕ್‌ಶಾಪಿನ ಜಾಗ ಕೃಷಿಭೂಮಿ ಅಲ್ಲ ಎನ್ನುವುದಕ್ಕೆ ದಾಖಲೆ! ಸಿಂಗೂರಿನಲ್ಲಿ ಕಾರು ಕಾರ್ಖಾನೆಗೆ ರೈತರ ಜಮೀನು ಕೊಟ್ಟ ಗಲಾಟೆಯನ್ನು ಪೇಪರಿನಲ್ಲಿ ಓದಿ ಹೆದರಿದ್ದಾನೆ ಮಹಾಶಯ. ಜಾದವ್‌ಪುರದ ಗಲ್ಲಿಯಲ್ಲಿ, ಮೀನಂಗಡಿಗೂ ಹೋಮಿಯೋಪತಿ ಡಾಕ್ಟರಿಗೂ ನಡುವೆ, ಯಾವ ಭತ್ತ ಬೆಳೆಯುತ್ತಾರೆ? ಆದರೂ ಮುರಾರಿ ಕಾರ್ಪೊರೇಷನ್ನಿಗೆ ಅಲೆದು ತಂದ. ಅಲ್ಲಿನ ಕ್ಲರ್ಕ್ ಯೂನಿಯನ್ ಮೀಟಿಂಗ್ ಮುಗಿಸಿ ಬರಲಿ ಎಂದು ಅರ್ಧ ದಿನ ಬೆಂಚಿನ ಮೇಲೆ ಕೂತಿದ್ದನಂತೆ.

ಸೆಪ್ಟೆಂಬರ್ 27

ಲಾಯರ್ ಈಗ ಮುರಾರಿಯ ಪಿಎಚ್‌ಡಿ ಗೈಡಿನ ಸಹಿ ಕೇಳುತ್ತಿದ್ದಾನೆ. ಅದೂ ಬಂತು. ಈಗ ಗೈಡಿನ ಸಹಿಗೆ ನೋಟರಿ. ದುರ್ಗಾಪೂಜೆ ಹತ್ತಿರ ಬಂತು, ಈ ಊರಲ್ಲಿ ಒಬ್ಬನೂ ಸೀಟಿನಲ್ಲಿ ಸಿಗುವುದಿಲ್ಲ. ಸಿಂಗಾಪುರಕ್ಕೆ ಮೇಲ್ ಮೇಲೆ ಮೇಲ್. ಉತ್ತರವಿಲ್ಲ. ತಲೆ ಚಚ್ಚಿಕೊಳ್ಳೋಣ ಎನ್ನಿಸುತ್ತಿದೆ.

ಅಕ್ಟೋಬರ್ 4, ಶನಿವಾರ, ಬೆಳಿಗ್ಗೆ

ಸಿಂಗೂರಿನ ಕಾರು ಕಾರ್ಖಾನೆ ಹೊರಟೇಹೋಯಿತು. ಪೇಪರ್ ತುಂಬ ಅದೇ. ಆ ನೆಪದಲ್ಲೇ ರಂಗನಾಥ್ ಫೋನ್ ಶುರುಮಾಡಿದರು. ಬಂಗಾಳದ ರಿಸ್ಕು, ಹಾಗೆ ಹೀಗೆ... ಸ್ವಲ್ಪ ಜಗ್ಗಿದ ಮೇಲೆ ನಿಜ ಹೊರಬಿತ್ತು. ಕಳೆದ ವಾರ ನೈರೋಬಿಯ ಒಂದು ಕಂಪನಿಗೆ ದುಡ್ಡು ಹಾಕಿಬಿಟ್ಟಿದ್ದಾರೆ. ಅದೂ ತಂಪು ಪೆಟ್ಟಿಗೆಯೇ.

“ಸರಿ ಸಾರ್, ಆಗಲ್ಲ ಅಂತ ಮುರಾರಿಗೆ ಇವತ್ತೇ ಹೇಳ್ಬಿಡ್ತೀನಿ.”

“ಈಗ್ಲೇ ಬೇಡಮ್ಮ. ಅಕ್ಟೋಬರ್ ಮುಗೀಲಿ. ಆ ಮಲ್ಪೆಯವನು ದುಡ್ಡು ಹಾಕಿದ್ರೆ ಈ ಹುಡುಗ ನಮ್ಮ ನೈರೋಬಿಗೇ ಅಡ್ಡ ಬರ್ತಾನೆ. ಅಲ್ಲೀವರ್ಗೂ ಏನಾದ್ರೂ ಪೇಪರ್ ಕೇಳ್ತಿರು.”

“ಅಂದ್ರೆ ಇಷ್ಟು ದಿನ ಕೇಳಿದ್ದೂ ಇದಕ್ಕೇನಾ?”

“ನೋಡು ಶೋಭನಾ, ಎಮೋಷನಲ್ ಆಗ್ಬೇಡ. ಜನವರೀಲಿ ನಿನ್ನನ್ನ ಸಿಂಗಾಪುರಕ್ಕೆ ಕರೆಸ್ಕೊಳ್ಳೋ ಯೋಚನೆ ಇದೆ.”

ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಮಾತ್ರ, “ಓಕೆ ಸಾರ್.”

ಅಕ್ಟೋಬರ್ 8, ಬುಧವಾರ, ನವಮಿ

ನಾಲ್ಕು ದಿನ ಮುರಾರಿಯ ಫೋನ್ ಎತ್ತಲಿಲ್ಲ. ಇವತ್ತು ಪ್ರಭಾವತಿಯಮ್ಮನೇ ಮಾಡಿದರು. “ಹಬ್ಬದ ದಿನ ಒಬ್ಬರೇ ಉಣ್ಣುವುದು ಎಂತಕ್ಕೆ? ಬನ್ನಿ.” ಹೋದೆ. ಕೊಟ್ಟೆ ಕಡುಬು, ಹಯಗ್ರೀವ. ಪಕ್ಕದ ಪೆಂಡಾಲಿನಿಂದ ಧಾಕ್ ಡೋಲಿನ ಬಡಿತ, ಒಬ್ಬರ ಮಾತು ಒಬ್ಬರಿಗೆ ಕೇಳಿಸದು.

ಎಲೆಯ ಮುಂದೆ ಮುರಾರಿ ಹೇಳಿದ. ಮಾಧವ ಸುವರ್ಣ ಮತ್ತೆ ಊರಿಗೆ ಬಂದಿದ್ದಾರಂತೆ. ನಾಳೆ ಹೊರಡುವುದರೊಳಗೆ ಇವನು ಹೂಂ ಎನ್ನದಿದ್ದರೆ ಆ ದುಡ್ಡು ಕೊಚ್ಚಿಯ ಯಾವುದೋ ಐಸ್ ಫ್ಯಾಕ್ಟರಿಗೆ ಹೋಗುತ್ತದೆ.

“ನೀವೊಂದು ಮಾತು ಹೇಳಿ ಅಕ್ಕ. ಸಿಂಗಾಪುರದ್ದು ಬರ್ತದಾ, ಇಲ್ವಾ? ಶೊತ್ತಿ, ನಿಜ ಹೇಳಿ.”

ಬಾಯಿ ತೆರೆದೆ. ಸಿಂಗಾಪುರ, ಜನವರಿ, ಮನೆ ಬಾಡಿಗೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹೊರಬಂದದ್ದು ಇಷ್ಟೆ: “ಲಾಯರ್ ಇನ್ನೊಂದು ಪೇಪರ್ ಕೇಳ್ತಿದಾರೆ ಕಣೋ. ಟ್ರಯಲ್ ರಿಪೋರ್ಟು. ಪೂಜೆ ಆದ್ಮೇಲೆ ಕೊಡು.”

ಅವನ ಮುಖ ಅರಳಿತು. ಯಾಕೆ ಅರಳಿತೋ. ಪ್ರಭಾವತಿಯಮ್ಮ ನನ್ನೆಲೆಗೆ ಇನ್ನೊಂದು ಕಡುಬು ಹಾಕಿದರು. ತಿಂದೆ. ನನ್ನ ಮೇಲೆ ನನಗೇ ಅಸಹ್ಯ.

ಅಕ್ಟೋಬರ್ 9, ಗುರುವಾರ, ದಶಮಿ

ಎದ್ದವಳೇ ಮುರಾರಿಗೆ ಮೇಲ್ ಬರೆದೆ. ಆ ಷರತ್ತಿನಿಂದ ಮುರಾರಿಯನ್ನು ಬಿಡುಗಡೆ ಮಾಡಿದ್ದೇವೆ, ಫಂಡ್ ಹಿಂದೆ ಸರಿದಿದೆ. ಅಂದು ಫಂಡಿನ ಪರವಾಗಿ ಸಹಿ ಹಾಕಿದವಳು ನಾನು, ಇವತ್ತೂ ನಾನೇ. ರಂಗನಾಥ್‌ಗೂ ಒಂದು ಪ್ರತಿ, ಅದರ ಕೆಳಗೇ ನನ್ನ ರಾಜೀನಾಮೆ. ಕಳಿಸಿಯೇಬಿಟ್ಟೆ.

ಟ್ಯಾಕ್ಸಿ ಹಿಡಿದೆ. ಬೈಪಾಸಿನಲ್ಲಿ ದೇವಿಯನ್ನು ಮುಳುಗಿಸಲು ಹೊರಟ ಲಾರಿಗಳು, ಕುಣಿಯುವವರು. ಗಾಡಿ ಒಂದಿಂಚೂ ಸರಿಯದು. ಮುರಾರಿಗೆ ಫೋನ್ ಮಾಡಿದೆ.

“ಮುರಾರಿ, ನಮ್ದು ಆಗಲ್ಲ. ನಿನ್ನ ಬಿಡುಗಡೆ ಮಾಡಿ ಮೇಲ್ ಹಾಕಿದೀನಿ. ಮಾಧವ ಸುವರ್ಣ ಅವರನ್ನ ಹಿಡಿ, ಈಗ್ಲೇ.”



“ಅವರು ಬೆಳಿಗ್ಗೆಯೇ ಹೋದರು ಅಕ್ಕ. ನಿನ್ನೆ ನೀವು ಹೋದ ಮೇಲೆ ನಾನೇ ಬೇಡ ಅಂದೆ. ನೀವು ಇನ್ನೊಂದು ಪೇಪರ್ ಕೇಳಿದಿರಲ್ಲ... ದುಡ್ಡು ಕೊಡ್ಲಿಕ್ಕೆ ಇಲ್ಲದವರು ಪೇಪರ್ ಯಾಕೆ ಕೇಳ್ತಾರೆ ಅಂತ ಅಮ್ಮನೂ ಹೇಳಿದ್ರು.”

ಕುಣಿತದ ಗದ್ದಲ ಕೇಳದಿರಲೆಂದು ಟ್ಯಾಕ್ಸಿಯ ಗಾಜು ಏರಿಸಿದೆ. ಅವನೇ ಕೇಳಿದ,

“ಊಟಕ್ಕೆ ಕೂತಾಗ ನಿಮಗೆ ಗೊತ್ತಿತ್ತಾ ಅಕ್ಕ?”

ಹೌದು ಎಂದೆ.

ಫೋನ್ ಇಟ್ಟ.

ಮಧ್ಯಾಹ್ನ. ಅವರ ಗಲ್ಲಿಯ ತುದಿಯಲ್ಲಿ ಟ್ಯಾಕ್ಸಿ ನಿಲ್ಲಿಸಿ ಕೂತಿದ್ದೇನೆ. ಮಾಧವ ಸುವರ್ಣರ ನಂಬರ್ ಬೇಕು. ಅವರ ಕಾಲಾದರೂ ಹಿಡಿದೇನು. ಆದರೆ ಆ ನಂಬರ್ ಮುರಾರಿ ಹತ್ತಿರವೇ ಇರುವುದು. ನಾನೇ ಹೋಗಿ ಕೇಳಬೇಕು. ಡ್ರೈವರ್ ಎರಡು ಸಲ ತಿರುಗಿ ನೋಡಿದ. ಪ್ರಭಾವತಿಯಮ್ಮ ಗೇಟಿಗೆ ಬಂದರು. ನನ್ನನ್ನು ನೋಡಿದರು. ಇನ್ನು ಕೂತಿರುವಂತಿಲ್ಲ, ಇಳಿದು ಹೋಗಿ ಕೇಳುತ್ತೇನೆ.