ಆಕಿ ಭಾಳ ಗಟ್ಟಿ

ಶಹಾಬಾದ, ಗುರುವಾರ

ಹೊರಗಿನ ಕೋಣ್ಯಾಗ ಕೂತ ನಮ್ಮ ಮನಿಯವರಿಗೆ,

ನಾ ಮಾತು ಶುರು ಮಾಡಿದ್ರ ನೀವು ಟಿವಿ ಹಚ್ತೀರಿ. ಅದಕ್ಕ ಬರೀಲಿಕತ್ತೀನಿ.

ನನ್ನ ಮೇದೋಜೀರಕ ಗ್ರಂಥಿಗೆ ಕ್ಯಾನ್ಸರ್ ಆಗ್ಯದ. ನೀವು ಓಣಿಗೆಲ್ಲಾ ಗ್ಯಾಸ್ ಅಂತ ಹೇಳೀರಿ. ಮಂದಿ ಅಜವಾನ ತಂದು ಕೊಡ್ತಾರ, ನಾ ನಕ್ಕೋತ ಇಸ್ಕೋಬೇಕು.

ನಿನ್ನೆ ದವಾಖಾನ್ಯಾಗ ನರ್ಸಬಾಯಿ, "ಮನಸ್ಸಿಗೆ ಹೆಂಗ ಅನಸ್ತದ ಅಕ್ಕಾ?" ಅಂತ ನನ್ನ ಕೇಳಿದ್ರು. ನಾ ಬಾಯಿ ಬಿಡೂದ್ರಾಗ ನೀವು, "ಆಕಿ ಭಾಳ ಗಟ್ಟಿ" ಅಂದ್ರಿ. ಆಪ್ತಸಮಾಲೋಚಕರ ಹತ್ರ ಒಮ್ಮೆ ಮಾತಾಡಸ್ರಿ ಅಂತ ನರ್ಸಬಾಯಿ ಅಂದ್ರ, "ಆಕಿಗೇನು ಹುಚ್ಚು ಹಿಡದದ?" ಅಂತ ಒದರಿದ್ರಿ. ಅಷ್ಟು ಮಂದಿ ಎದುರು!

ನಾ ಗಟ್ಟಿ ಇಲ್ಲ. ಸಾಯಲಿಕ್ಕೆ ನನಗ ಅಂಜಿಕಿ ಆಗ್ತದ. ಅಂಜಿಕಿ ಅಂದ್ರ ಹುಚ್ಚಲ್ಲ.

ಇವತ್ತ ನಾನೇ ಆ ಆಪ್ತಸಮಾಲೋಚಕರಿಗೆ ಫೋನ್ ಮಾಡಿದೆ. ಭಾಳ ಹೊತ್ತು ಅತ್ತೆ, ಅವರು ತಡೀಲಿಲ್ಲ. ಆಮ್ಯಾಲೆ ಒಂದು ಬಟ್ಟಲ ಗಂಜಿ ಹೊಟ್ಟಿಗೆ ಹೋತು.

ಸೋಮವಾರ ಬರ್ರಿ ಅಂದಾರ. ನೀವು ರಜಾ ಹಾಕ್ರಿ, ನನ್ನ ಬಾಜೂಕ ಕುಂದ್ರಿ. ನನ್ನ ಉತ್ತರ ನೀವು ಹೇಳಬ್ಯಾಡ್ರಿ. ನಾ ಅತ್ರ ಸುಮ್ಮನಿರು ಅನ್ನಬ್ಯಾಡ್ರಿ. ನಿಮಗ ಅಳು ಬಂದ್ರ ನೀವೂ ಅತ್ತುಬಿಡ್ರಿ. ಆದ್ರ ನನ್ನ ಒಬ್ಬಾಕಿನ್ನ ಬಿಟ್ಟು ಎದ್ದು ಹೋಗಬ್ಯಾಡ್ರಿ.

ಇನ್ನೂ ಸಿಟ್ಟಿನ್ಯಾಗೇ ಇರುವ,
ಧನಶ್ರೀ