ಮೇಡಂ ಮನೆಯ ಅತಿಥಿಗಳು

ಮಾರ್ಚ್ 4, ಬೆಳಿಗ್ಗೆ

ನನ್ನ ಹೆಂಡತಿಯ ಯೂನಿಫಾರ್ಮ್ ಇಸ್ತ್ರಿ ಆಯಿತು. ಕಾಲರ್ ಇನ್ನೊಂದು ಸಲ ತೀಡಿಸಿದಳು. ಸೇನೆಯ ಬೇಸ್ ಆಸ್ಪತ್ರೆಯ ನರ್ಸಿಂಗ್ ಕ್ಯಾಪ್ಟನ್ ಸುಕ್ಕುಸುಕ್ಕಾಗಿ ಹೋಗುವಂತಿಲ್ಲವಂತೆ. ಏಳಕ್ಕೆ ಹೊರಟಳು. ನಾನು ಏಳನೇ ತರಗತಿಯ ಭೂಗೋಳದ ಪ್ರೂಫ್ ಹಿಡಿದು ಕೂತೆ. ‘ಮರಳುಗಾಡು’ ಎನ್ನುವಲ್ಲಿ ‘ಮರುಳುಗಾಡು’ ಎಂದು ಬಿದ್ದಿದೆ. ತಿದ್ದಲು ಮನಸ್ಸಾಗಲಿಲ್ಲ. ತಿದ್ದಿದೆ.

ಹತ್ತರ ಹೊತ್ತಿಗೆ ಗಿಣಿಯ ಫೋನು. ಇವಳ ತಮ್ಮ. ಮಾತು ಬಂದಾಗಿನಿಂದ ಬಾಯಿ ಮುಚ್ಚಿಲ್ಲ ಅಂತ ಅಕ್ಕನೇ ಇಟ್ಟ ಹೆಸರು. ಮತ್ತೆ ಇಬ್ಬರಿಗೆ ಗೆಸ್ಟ್ ಪಾಸ್ ಬೇಕಂತೆ. ಆಸ್ಪತ್ರೆಗೆ ಹೊದಿಕೆ, ಸೋಪು ಸಪ್ಲೈ ಮಾಡುವವರು. ಟೆಂಡರ್ ವಿಚಾರಿಸಬೇಕು. ನೇರವಾಗಿ ಹೋದರೆ ಗೇಟಿನಲ್ಲಿ ವಾರಗಟ್ಟಲೆ ಅಲೆಸುತ್ತಾರೆ. ನಮ್ಮ ಮನೆಗೆ ಬರುವ ನೆಂಟರು ಎಂದರೆ ಐದು ನಿಮಿಷದ ಕೆಲಸ.

ನಿಯಮ ಗೊತ್ತಿಲ್ಲದ್ದೇನಲ್ಲ. ಕ್ವಾರ್ಟರ್ಸಿಗೆ ಬಂದವರು ಕ್ವಾರ್ಟರ್ಸಿನಲ್ಲೇ ಇರಬೇಕು, ಆರಕ್ಕೆ ಹೊರಗೆ. ಆದರೂ ಫೋನಿನ ಪಾಸ್ ಆ್ಯಪಿನಲ್ಲಿ ಹೆಸರು ತುಂಬಿದೆ. ಸಂಬಂಧ ಎಂಬಲ್ಲಿ ‘ಚಿಕ್ಕಪ್ಪನ ಮಗ’ ಎಂದು ಒತ್ತಿದೆ. ನನಗೆ ಚಿಕ್ಕಪ್ಪನೇ ಇಲ್ಲ.

“ಅಕ್ಕನಿಗೆ ಹೇಳ್ಬೇಡಿ ಭಾವ. ಸುಮ್ನೆ ರೂಲ್ಸ್ ಓದ್ತಾಳೆ.”

ಓದುತ್ತಾಳೆ, ನಿಜ. ಹೇಳಲಿಲ್ಲ.

ಮಾರ್ಚ್ 9

ತರಕಾರಿ ತರಲು ಹೊರಗೆ ಹೋಗಿದ್ದೆ. ಗೇಟಿನ ಸಾರ್ಜೆಂಟ್ ಒಳ್ಳೆಯ ಮನುಷ್ಯ, ಚೀಲ ಹಿಡಿದು ಬಂದರೆ ತಾನೇ ಸರಳು ಎತ್ತುತ್ತಾನೆ. ಇವತ್ತು ಎತ್ತುವ ಮೊದಲು ನನ್ನ ಮುಖ ನೋಡಿದ. “ಸರ್, ನಿಮ್ಮ ಬಳಗ ದೊಡ್ಡದು,” ಅಂದ. ನಗುತ್ತಲೇ ಅಂದ. ನಾನೂ ನಕ್ಕೆ. ತುಂಬಿದ ಮನೆ ಅಂತೇನೋ ಅಂದೆ. ಮನೆ ತಲುಪುವವರೆಗೂ ಬೆನ್ನ ಮೇಲೆ ಯಾರೋ ಕಣ್ಣಿಟ್ಟ ಹಾಗೆ.

ದಾರಿಯಲ್ಲಿ ನನ್ನ ‘ನೆಂಟರು’ ಕಂಡರು. ಮೂವರು, ಜೇಬಿಗೆ ನಮ್ಮ ಮನೆ ನಂಬರಿನ ಪಾಸು ಸಿಕ್ಕಿಸಿಕೊಂಡು, ಆಸ್ಪತ್ರೆಯ ನೀರಿನ ಟ್ಯಾಂಕಿನ ನೆರಳಲ್ಲಿ. ಒಗೆದು ಗಂಜಿ ಹಾಕಿದ ಅಂಗಿ, ಕಂಕುಳಲ್ಲಿ ಫೈಲು, ಹೊಸದಾಗಿ ಪಾಲಿಶ್ ಮಾಡಿದ ಹಳೇ ಶೂ. ಸೋಪು ಮಾರುವವರು ಹೀಗೆ ಕೂರುತ್ತಾರಾ? ಒಬ್ಬ ಎದ್ದು ನಿಂತು ನನಗೆ ಕೈ ಮುಗಿದ. ತಲೆಯಾಡಿಸಿ ಬೇಗ ಬೇಗ ಬಂದುಬಿಟ್ಟೆ.

ಮಾರ್ಚ್ 16, ಭಾನುವಾರ

ಗಿಣಿ ಊಟಕ್ಕೆ ಬಂದಿದ್ದ. ಅಕ್ಕನಿಗೆ ಕೈಗಡಿಯಾರ ತಂದಿದ್ದ. ಇವಳು ಕೈ ತಿರುಗಿಸಿ ತಿರುಗಿಸಿ ನೋಡಿದಳು. ತಾಯಿ ಸತ್ತಾಗ ಅವನಿಗೆ ನಾಲ್ಕು, ಇವಳಿಗೆ ಹದಿನೈದು. ಎತ್ತಿ ಆಡಿಸಿದ ಕೈ. ಮೂರು ಕೆಲಸ ಹಿಡಿದು ಮೂರೂ ಬಿಟ್ಟ ತಮ್ಮ ಕೊನೆಗೂ ಕಾಲ ಮೇಲೆ ನಿಂತ ಅಂತ ಇವಳಿಗೆ ಹಿಗ್ಗು. ಬಡಿಸಿದ್ದೇ ಬಡಿಸಿದ್ದು.

ಬಾಲ್ಕನಿಯಲ್ಲಿ ಅವನೊಬ್ಬನೇ ಸಿಕ್ಕಾಗ ಕೇಳಿದೆ, ಆ ಫೈಲು ಹಿಡಿದವರು ಯಾರು ಅಂತ. ಸಪ್ಲೈಯರ್ ಕಡೆಯ ಹುಡುಗರು ಭಾವ, ಸ್ಯಾಂಪಲ್ ಕಾಗದ ಅಂದ. ಕೇಳುವ ಮೊದಲೇ ಉತ್ತರ ತಯಾರಿತ್ತು. ಒಳಗೆ ಅವನ ಅಕ್ಕ ಏನೋ ಗುನುಗುತ್ತಿದ್ದಳು. ಇವಳು ಗುನುಗಿದ್ದು ಕೇಳಿ ಎಷ್ಟು ಕಾಲವಾಗಿತ್ತೋ… ಇನ್ನೊಂದು ಪ್ರಶ್ನೆ ಬಾಯಿಗೆ ಬಂದದ್ದು ನುಂಗಿಕೊಂಡೆ.

ಹೋಗುವಾಗ ಇನ್ನಿಬ್ಬರ ಹೆಸರು ಕೊಟ್ಟು ಹೋದ.

ಮಾರ್ಚ್ 27, ಮಧ್ಯಾಹ್ನ

ಪ್ರೂಫ್ ಪಕ್ಕಕ್ಕಿಟ್ಟೆ. ಮೊದಲು ಇದನ್ನು ಬರೆದಿಡಬೇಕು.

ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಒಬ್ಬ ಹೆಂಗಸು. ನಲವತ್ತೈದರ ಆಸುಪಾಸು, ಬಿಸಿಲಿಗೆ ಮುಖ ಕೆಂಪಾಗಿದೆ. ಪಾಸಿನಲ್ಲಿದ್ದ ಮನೆ ನಂಬರ್ ಹಿಡಿದು ಬಂದಿದ್ದಾಳೆ.

“ಇಂಟರ್‌ವ್ಯೂ ಯಾವ ರೂಮಲ್ಲಿ ಸರ್?”

ಯಾವ ಇಂಟರ್‌ವ್ಯೂ ಎಂದೆ. ಆಸ್ಪತ್ರೆಯ ಲಾಂಡ್ರಿ ಕೆಲಸದ್ದು ಎಂದಳು. ನೀರು ಕೊಟ್ಟು ಕೂರಿಸಿದೆ. ಒಂದೊಂದಾಗಿ ಹೊರಬಂತು. ಹಾಸ್ಟೆಲಿನಲ್ಲಿ ಅಡುಗೆಯವಳು. ಗಿಣಿ ಬೇಸ್ ಒಳಗೆ ಪರ್ಮನೆಂಟ್ ಕೆಲಸ ಕೊಡಿಸುತ್ತೇನೆ ಎಂದಿದ್ದಾನೆ. ಪ್ರತಿ ಪಾಸಿಗೂ ಹಣ. ಬಂದಾಗಲೆಲ್ಲ ಟ್ಯಾಂಕಿನ ಹತ್ತಿರ ಕಾಯಬೇಕು. ಸಂಜೆ ಫೋನ್ ಬರುತ್ತದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಇನ್ನೊಂದು ದಿನ ಬನ್ನಿ. ಇನ್ನೊಂದು ದಿನ ಎಂದರೆ ಇನ್ನೊಂದು ಪಾಸು. ಇವತ್ತಿಗೆ ಮೂರನೇ ಸಲ.

ಮೊದಲೇ ಅನುಮಾನ ಬರಲಿಲ್ಲವೇ ಅಂದೆ. ಯಾಕೆ ಕೇಳಿದೆನೋ.

“ಬಂದಿತ್ತು ಸರ್. ಇಂಥ ಮೋಸ ಎಷ್ಟೋ ಕೇಳಿದ್ದೀನಿ. ಆದ್ರೆ ಆ ಗೇಟು ತೆಗೆದು ಒಳಗೆ ಬಿಟ್ರಲ್ಲ. ಬಂದೂಕು ಹಿಡ್ದೋರು ಹೆಸರು ನೋಡಿ, ಹೋಗಮ್ಮ ಅಂದ್ರು. ಸುಳ್ಳಾಗಿದ್ರೆ ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ಬಿಡಿಸಿದವನು ಎದುರಿಗೇ ಕೂತಿದ್ದೆ.

ಅದನ್ನು ಹೇಳಲಿಲ್ಲ. ಸಾಹೇಬರು ಇವತ್ತು ಬರುವುದಿಲ್ಲ, ಮನೆಗೆ ಹೋಗಿ ಎಂದೆ, ಅಷ್ಟೆ. ಗಿಣಿ ಕಲಿಸಿದ ಮಾತೇ ನನ್ನ ಬಾಯಲ್ಲೂ ಬಂತು. ಜೊತೆಗೆ ಬಂದಿದ್ದ ನೀಲಿ ಅಂಗಿಯವನು ಕಾದು ಕಾದು ಬೇಸತ್ತು ಸಾಹೇಬರನ್ನು ತಾನೇ ಹುಡುಕಲು ಹೋಗಿದ್ದಾನಂತೆ. ಎಲ್ಲಿಗೆ? ಆಕೆಗೂ ಗೊತ್ತಿಲ್ಲ.

ಗಿಣಿಗೆ ಫೋನ್ ಮಾಡಿದೆ. ಬೈದೆ. ಪೂರ್ತಿ ಬೈಯುವವರೆಗೂ ಸುಮ್ಮನಿದ್ದ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು. ಆಮೇಲೆ ಮೆಲ್ಲಗೆ ಅಂದ:

“ನಾನು ಯಾವ ಪಾಸೂ ಕೊಟ್ಟಿಲ್ಲ ಭಾವ. ಎಲ್ಲಾ ಅಕ್ಕನ ಹೆಸರಲ್ಲೇ ಹೋಗಿರೋದು. ಯೋಚ್ನೆ ಮಾಡಿ.”

ಕ್ವಾರ್ಟರ್ಸ್ ಇವಳದು. ಫೋನಿನಲ್ಲಿ ನಾನು ಒತ್ತಿದ್ದೆಲ್ಲ ಇವಳ ಸಹಿ. ಇದು ನನಗೆ ಹೊಳೆದೇ ಇರಲಿಲ್ಲ. ಅವನಿಗೆ ಮೊದಲ ದಿನವೇ ಹೊಳೆದಿತ್ತು.

ಸಂಜೆ 6.20

ಗೇಟಿನಿಂದ ಫೋನು. ನಿಮ್ಮ ಅತಿಥಿ ಒಬ್ಬರು ಹೊರಗೆ ಬಂದಿಲ್ಲ. ಸಾರ್ಜೆಂಟಿನ ದನಿಯಲ್ಲಿ ಈ ಸಲ ನಗುವಿಲ್ಲ.

“ಮನೇಲೇ ಇದ್ದಾನೆ. ಈಗ ಬರ್ತಾನೆ,” ಅಂದೆ.

ಏಳರ ತನಕ ನೋಡುತ್ತಾರಂತೆ. ಆಮೇಲೆ ಸೈರನ್. ಸೈಕಲ್ ತೆಗೆದುಕೊಂಡು ಹೊರಟೆ.

ರಾತ್ರಿ ಊಟವಾದ ಮೇಲೆ

ಊಟ ಎಂದರೆ ತಟ್ಟೆ ಎದುರಿಗಿತ್ತು, ಅಷ್ಟೆ.

ಚಿಕ್ಕಪ್ಪನ ಮಗನನ್ನು ಹುಡುಕಿಕೊಂಡು ಹೊರಟವನಿಗೆ ಅವನ ಮುಖವೇ ಗೊತ್ತಿಲ್ಲ. ನೀಲಿ ಅಂಗಿ, ಅಷ್ಟೇ ಗುರುತು. ಕ್ಯಾಂಟೀನ್ ಹಿಂದೆ, ಆಟದ ಮೈದಾನ, ವರ್ಕ್‌ಶಾಪಿನ ಬೇಲಿ. ಇಂಧನದ ಗೋಡೌನ್ ಕಡೆ ತಿರುಗಿದರೆ ಪಹರೆಯವನು ಟಾರ್ಚ್ ಬಿಟ್ಟು ಎಲ್ಲಿಗೆ ಅಂದ. ವಾಕಿಂಗ್ ಅಂದೆ. ಸೈಕಲ್ ಮೇಲೆ ಕೂತು ವಾಕಿಂಗ್! ಅವನ ಟಾರ್ಚ್ ನಾನು ತಿರುವು ದಾಟುವ ತನಕ ಬೆನ್ನ ಮೇಲಿತ್ತು. ಈ ಬೇಲಿಯ ಹತ್ತಿರ ಆ ನೀಲಿ ಅಂಗಿ ಸುಳಿದರೆ ಇವರು ಮೊದಲು ಕೂಗುತ್ತಾರೋ, ಮೊದಲು ಗುಂಡು ಹಾರಿಸುತ್ತಾರೋ… ಪೆಡಲ್ ಜೋರಾಗಿ ತುಳಿದೆ.

ಏಳಕ್ಕೆ ಕಿವಿಗೊಟ್ಟು ನಿಂತೆ. ಸೈರನ್ ಕೂಗಲಿಲ್ಲ.

ಮನೆಗೆ ಬಂದರೆ ದೀಪ ಹತ್ತಿದೆ. ಇವಳು ಯೂನಿಫಾರ್ಮಿನಲ್ಲೇ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಾಳೆ. ಎದುರಿಗೆ ನೀಲಿ ಅಂಗಿಯವನು. ಕೈಯಲ್ಲಿ ಟೀ ಲೋಟ. ಕುಡಿಯುವ ಧೈರ್ಯ ಸಾಲದೆ ಹಿಡಿದುಕೊಂಡಿದ್ದಾನೆ.

“ಇವರು ನಿಮ್ಮ ಚಿಕ್ಕಪ್ಪನ ಮಗ ಅಂತೆ. ಹೌದಾ?”

ಬಾಗಿಲು ಮುಂದಕ್ಕೆ ಹಾಕಿದೆ.

ಸೀದಾ ಇವಳ ವಾರ್ಡಿಗೇ ಹೋಗಿದ್ದಾನೆ ಪುಣ್ಯಾತ್ಮ. ಕೆಲಸ ಕೊಡಿಸುವ ಸಾಹೇಬರು ಬರದಿದ್ದರೆ ಬೇಡ, ಕ್ಯಾಪ್ಟನ್ ಮೇಡಮ್ಮನ್ನೇ ಕೇಳೋಣ ಅಂತ. ಗಿಣಿ ಎಲ್ಲರಿಗೂ ಕಳಿಸಿದ ಮೆಸೇಜಿನಲ್ಲಿ ಇವಳ ಹೆಸರಿದೆ, ಯೂನಿಫಾರ್ಮಿನ ಫೋಟೋ ಇದೆ. ‘ನಮ್ಮ ಮೇಡಂ ಕೈಯಲ್ಲೇ ಎಲ್ಲಾ ಇದೆ.’ ಅದು ನಾನೇ ತೆಗೆದ ಫೋಟೋ, ಪ್ರಮೋಷನ್ ದಿನದ್ದು.

ಇವಳು ಗೇಟಿಗೆ ತಾನೇ ಫೋನ್ ಮಾಡಿ, ನಾನೇ ಕರೆತಂದು ಬಿಡುತ್ತೇನೆ ಎಂದಳಂತೆ. ಬಿಟ್ಟೂ ಬಂದಳು. ಬಂದು ಶೂ ಬಿಚ್ಚಿ ಎಲ್ಲಾ ಹೇಳಿ ಎಂದಳು. ಹೇಳಿದೆ. ತಡೆಯದೆ ಕೇಳಿದಳು. ಎಲ್ಲಾ ನನ್ನದೇ ತಪ್ಪು ಅಂತ ಬರೆದುಕೊಡುತ್ತೇನೆ, ನಿನಗೂ ಅವನಿಗೂ ಏನೂ ಆಗದ ಹಾಗೆ ನೋಡಿಕೊಳ್ಳೋಣ ಎಂದೆ.

“ನಿಮ್ಮ ತಪ್ಪು ನೀವು ಹೇಳಿ. ನನ್ನ ತಮ್ಮಂದು ನಾನು ಹೇಳ್ತೀನಿ.”

ಆಮೇಲೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಅವಳ ಮಣಿಕಟ್ಟಿನ ಮೇಲೆ ಅದರ ಗುರುತು ಹಾಗೇ ಇತ್ತು.

ಮಾರ್ಚ್ 28

ಸೆಕ್ಯೂರಿಟಿ ಆಫೀಸರ್ ಕೋಣೆ. ಇವಳು ಮೊದಲು, ನಾನು ಆಮೇಲೆ. ಕಣ್ಣೆತ್ತದೆ ಬರೆದುಕೊಳ್ಳುವ ಮನುಷ್ಯ. ಒಂದೇ ಒಂದು ಸಲ ಕಣ್ಣೆತ್ತಿದ, ಒಳಬಂದವರಲ್ಲಿ ಯಾರಾದರೂ ಕ್ಯಾಮೆರಾ ಹಿಡಿದು ಬಂದಿದ್ದರೆ ನಿಮಗೆ ಗೊತ್ತಾಗುತ್ತಿತ್ತಾ ಎಂದು ಕೇಳಲು. ಗೊತ್ತಾಗುತ್ತಿರಲಿಲ್ಲ ಎಂದೆ.

ಕೆಲಸದ ಆಸೆಗೆ ಬಂದವರು ಅಂತಲೇ ಇಷ್ಟು ಹೊತ್ತು ನಾನು ಕರಗುತ್ತಿದ್ದೆ. ಬೇರೆ ಯಾರಾದರೂ ಬಂದಿದ್ದರೂ ಹೀಗೇ ಒತ್ತುತ್ತಿದ್ದೆ.

ವಿಚಾರಣೆ ಮುಗಿಯುವ ತನಕ ಇವಳು ವಾರ್ಡಿಗೆ ಹೋಗುವಂತಿಲ್ಲ. ನಮ್ಮ ಮನೆಗೆ ಅತಿಥಿಗಳಿಲ್ಲ. ಹೊರಗಿನ ಪೊಲೀಸರಿಗೆ ಗಿಣಿಯ ಹೆಸರು ಹೋಗಿದೆ. ಅವನ ಫೋನು ಸ್ವಿಚ್ ಆಫ್.

ಏಪ್ರಿಲ್ 2

ಅವತ್ತು ಬಂದಿದ್ದ ಅಡುಗೆಯವಳ ಹಾಸ್ಟೆಲ್ ಹುಡುಕಿಕೊಂಡು ಹೋದೆ. ಅಡುಗೆಮನೆಯಲ್ಲಿ ಈರುಳ್ಳಿ ರಾಶಿಯ ಮುಂದೆ ಕೂತಿದ್ದಳು. ನಿಂತುಕೊಂಡೇ ಹೇಳಿಬಿಟ್ಟೆ, ಕೆಲಸ ಎಂಬುದೇ ಇಲ್ಲ, ಪಾಸ್ ಕೊಟ್ಟವನು ನಾನು ಎಂದು. ಪೊಲೀಸರು ಹೇಳಿಕೆ ಕೇಳಲು ಬರುತ್ತಾರೆ, ನನ್ನ ಹೆಸರೂ ಹೇಳಿ ಎಂದೆ.

ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಅವತ್ತು ನೀರು ಕೊಟ್ರಲ್ಲ ಸರ್, ಆಗ್ಲೇ ಹೇಳ್ಬಹುದಿತ್ತು. ಮನೆಗೆ ಹೋಗಿ ಮಗಳಿಗೆ, ಇನ್ನೊಂದೇ ಸಲ, ಸಿಕ್ಕೇಬಿಡ್ತು ಅಂತ ಹೇಳಿದ್ದೆ.”

ಕಣ್ಣು ಒರೆಸಿಕೊಂಡಳು. ಈರುಳ್ಳಿಗೋ ಏನೋ. ಕೂರಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ. ಹೊರಟು ಬಂದೆ.

ಏಪ್ರಿಲ್ 6

ಇವಳು ಬೆಳಿಗ್ಗೆ ಏಳಕ್ಕೇ ಸಿದ್ಧವಾಗುತ್ತಾಳೆ. ಹೋಗಲು ಜಾಗವಿಲ್ಲ. ಕಪಾಟು ಜೋಡಿಸುತ್ತಾಳೆ, ಜೋಡಿಸಿದ್ದನ್ನು ಮತ್ತೆ ಜೋಡಿಸುತ್ತಾಳೆ. ಮೇಲಿನ ಮನೆಯವರು ಮೆಟ್ಟಿಲಲ್ಲಿ ಎದುರಾದರೆ ಮೊಬೈಲ್ ನೋಡಿಕೊಳ್ಳುತ್ತಾರೆ. ಇವಳು ನನ್ನನ್ನು ಬೈದಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಏಪ್ರಿಲ್ 9, ಬೆಳಿಗ್ಗೆ

ಗೊತ್ತಿಲ್ಲದ ನಂಬರಿನಿಂದ ಇವಳಿಗೆ ಫೋನು. ಗಿಣಿ. ಇವಳು ತಕ್ಷಣ ಸ್ಪೀಕರ್ ಹಾಕಿ ನನ್ನ ಮುಂದಿಟ್ಟಳು. ಮುಚ್ಚುಮರೆ ಇನ್ನು ಸಾಕು ಎನ್ನುವ ಹಾಗೆ. ಬಸ್ ಸ್ಟ್ಯಾಂಡಿನ ಗದ್ದಲ. ಅವನು ಅಳುತ್ತಿದ್ದ. ಎಲ್ಲಾದರೂ ದೂರ ಹೋಗುತ್ತೇನೆ, ನೀನೊಂದು ಮಾತು ಹೇಳಿದರೆ ಕೇಸು ಸಡಿಲವಾಗುತ್ತೆ, ನಿನ್ನ ಫೋಟೋ ಹಾಕಿದ್ದು ತಪ್ಪಾಯ್ತು, ಬರೀ ನಂಬಿಕೆ ಬರಲಿ ಅಂತ ಹಾಕಿದೆ… ಮಾತು, ಮಾತು, ಮಾತು. ಅದು ಮುಗಿಯುವ ತನಕ ಕಾದಳು.

“ಊಟ ಮಾಡಿದ್ಯಾ?”

ಇಲ್ಲ ಎಂದ.

“ಇಲ್ಲಿಗೆ ಬಾ. ಸುಳ್ಳು ಹೇಳಿ ಕರೀತಿಲ್ಲ ಕಣೋ. ಗೇಟಲ್ಲೇ ನಿನ್ನ ಹಿಡೀತಾರೆ. ಗೊತ್ತಿದ್ದೇ ಬಾ.”

ಅತ್ತ ಕಡೆ ಬಸ್ಸುಗಳ ಸದ್ದು ಮಾತ್ರ. ಆಮೇಲೆ ಅದೂ ಇಲ್ಲ. ಕಟ್ಟಾಯಿತು.

ಸೆಕ್ಯೂರಿಟಿ ಆಫೀಸರ್‌ಗೆ ಇವಳೇ ಫೋನ್ ಮಾಡಿ, ಏನು ಹೇಳಿದೆ ಎಂಬುದನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದಳು. ಹಾಗೆ ಹೇಳಬಾರದಿತ್ತು ಅಂತ ಗದರಿದರಂತೆ. ಹೌದು ಸರ್ ಅಂದಳು. ಹೋಗಿ ಅಡುಗೆಗೆ ಇಟ್ಟಳು. ಮೂವರಿಗೆ. ಅವನು ಬರುವುದಿಲ್ಲ ಅಂತ ನನಗೆ ಖಾತ್ರಿ. ಅದನ್ನು ಇವಳಿಗೆ ಹೇಳುವ ಹಕ್ಕು ನನಗಿಲ್ಲ.

ಮಧ್ಯಾಹ್ನ 1.40

ಗೇಟಿನಿಂದ ಫೋನು. ನಾನೇ ಎತ್ತಿದೆ. ಸಾರ್ಜೆಂಟ್ ಗಂಟಲು ಸರಿಮಾಡಿಕೊಂಡ.

“ಸರ್, ಮೇಡಂ ಅವ್ರ ತಮ್ಮ ಬಂದಿದ್ದಾರೆ. ತಾವಾಗೇ ಬಂದು ನಿಂತಿದ್ದಾರೆ. ಪೊಲೀಸ್ ಜೀಪಿಗೆ ಹೇಳಿದ್ದೀನಿ, ಇನ್ನೂ ಬಂದಿಲ್ಲ. ಬುಕ್ಕಲ್ಲಿ ಏನಂತ ಬರ್ಕೊಳ್ಲಿ?”

ಫೋನನ್ನು ಇವಳ ಕಡೆ ಚಾಚಿದೆ. ಇವಳು ಬಂದು ಫೋನ್ ತೆಗೆದುಕೊಂಡಳು. ತಮ್ಮ ಅಂತಲೇ ಬರ್ಕೊಳ್ಳಿ, ನಾನೇ ಬರ್ತೀನಿ, ಅಲ್ಲೀವರೆಗೂ ನೆರಳಲ್ಲಿ ಕೂರಿಸಿ ಎಂದಳು. ಈಗ ಡಬ್ಬಿಗೆ ಊಟ ತುಂಬುತ್ತಿದ್ದಾಳೆ. ಮುಚ್ಚಳ ಕೂರುತ್ತಿಲ್ಲ. ತೆಗೆದು ಮತ್ತೆ ಒತ್ತುತ್ತಾಳೆ. ಜೀಪು ಬರುವ ಮೊದಲು ಅವನು ಎರಡು ತುತ್ತು…

ಕರೆಯುತ್ತಿದ್ದಾಳೆ. “ರೀ, ನೀವೂ ಬನ್ನಿ” ಎಂದಳು. ನನ್ನನ್ನೂ. ಶೂ ಹಾಕಿಕೊಂಡು ಹೊರಟೆ.